ಡಿ ಅಂಡ್ ಡಿ ನಿಯಮದಲ್ಲಿ ನಿಂಜಾ ಆಟ ಕೂರ್ತಾ ಇಲ್ಲ, ಏನ್ ಬದಲಾಯಿಸ್ಲಿ?

ಕುರುಡುಮಲೆ_ಕುನಾಯ್

ಎಲ್ಲರಿಗೂ ನಮಸ್ಕಾರ. ನಾನು ಮುಳಬಾಗಿಲಿನವಳು. ವಾರವೆಲ್ಲ ನರಸಾಪುರದ ಕಡೆ ಫ್ಯಾಕ್ಟರಿ ಕೆಲಸ, ಶಿಫ್ಟ್. ಭಾನುವಾರ ಮಾತ್ರ ಮನೆ ಮಹಡಿ ಮೇಲೆ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬರು ಕಥೆ ನಡೆಸಿ ಉಳಿದೋರು ಪಾತ್ರ ಆಡೋ ದಾಳದ ಆಟ). ಆಡೋರು ನಾಲ್ಕು ಜನ: ನನ್ನ ತಮ್ಮ, ಅವನ ಡಿಪ್ಲೊಮಾ ಕ್ಲಾಸಿನ ಇಬ್ಬರು ಹುಡುಗರು, ಚಿಂತಾಮಣಿಯಿಂದ ಬಸ್ ಹತ್ತಿ ಬರೋ ನಮ್ಮ ಚಿಕ್ಕಮ್ಮನ ಮಗಳು. ಆಟ ನಡೆಸೋಳು ನಾನು. ದಾಳ ಉರುಳೋ ಸದ್ದು ಕೇಳಿಸಿದ್ರೆ ಸಾಕು, ಅಮ್ಮ ಕೆಳಗಿಂದಲೇ "ಧರ್ಮರಾಯಂಗೆ ಏನಾಯ್ತು ಗೊತ್ತು ತಾನೆ" ಅಂತ ಕೂಗ್ತಾರೆ. ಇರಲಿ.

ಕೋಟೆ, ಡ್ರ್ಯಾಗನ್ನು ಎಲ್ಲಾ ಮುಗೀತು, ಈಗ ನಾಲ್ಕೂ ಜನಕ್ಕೆ ನರುಟೊ ಅನ್ನೋ ಜಪಾನಿ ಕಾರ್ಟೂನ್ ಥರದ ನಿಂಜಾ ಲೋಕ ಬೇಕಂತೆ. ನಾನೂ ಅದನ್ನ ನೋಡ್ಕೊಂಡೇ ಬೆಳೆದೋಳು, ಸರಿ ಅಂದೆ. ನಮ್ಮ ಹತ್ರ ಇರೋದು 2014ರ 5ನೇ ಆವೃತ್ತಿಯ ನಿಯಮ. ಪಾತ್ರಗಳೆಲ್ಲ 5ನೇ ಲೆವೆಲ್. ಚಕ್ರಕ್ಕೆ, ಅಂದ್ರೆ ನಿಂಜಾ ವಿದ್ಯೆಗೆ ಖರ್ಚಾಗೋ ಶಕ್ತಿಗೆ, ಡಿಎಂ ಗೈಡಲ್ಲಿರೋ (ಆಟ ನಡೆಸೋರ ಪುಸ್ತಕ) ಸ್ಪೆಲ್ (ಮಂತ್ರ) ಪಾಯಿಂಟ್ ಪಟ್ಟಿ ತಗೊಂಡೆ, ಒಬ್ಬೊಬ್ಬರಿಗೆ 27 ಪಾಯಿಂಟ್. ಸ್ಪೆಲ್‌ಗಳ ಹೆಸರು ಬದಲಾಯಿಸಿ ಜುಟ್ಸು (ನಿಂಜಾ ವಿದ್ಯೆ) ಮಾಡಿದೆ. ನೋಟ್‌ಬುಕ್ ಅರ್ಧ ತುಂಬೋಯ್ತು.

ಆದ್ರೆ ಆಟ ನಿಂಜಾ ಆಟದ ಥರ ಇಲ್ಲ. ಜಗಳ ಶುರುವಾದ ತಕ್ಷಣ ಎಲ್ಲರೂ ಇರೋದರಲ್ಲೇ ದೊಡ್ಡ ಬೆಂಕಿ ಜುಟ್ಸು ಬಿಡ್ತಾರೆ, ಎರಡು ಸುತ್ತಲ್ಲಿ ಎಲ್ಲಾ ಬೂದಿ. ಚಕ್ರ ಖಾಲಿ ಆದ್ಮೇಲೆ ಉಲ್ಟಾ: 44 ಹಿಟ್ ಪಾಯಿಂಟ್ (ಜೀವದ ಲೆಕ್ಕ) ಇರೋನಿಗೆ ಎಂಟು ಕುನಾಯ್ ಚೂರಿ ಚುಚ್ಚಿದ್ರೂ ನಿಂತೇ ಇರ್ತಾನೆ, ನಾವು ಸೌದೆ ಒಡೆಯೋ ಹಾಗೆ ಒಡೀತಾ ಕೂರ್ಬೇಕು. ನನ್ನ ತಮ್ಮ ನೆರಳು ತದ್ರೂಪು ಹತ್ತು ಮಾಡ್ತಾನೆ, ಹತ್ತಕ್ಕೂ ಬೇರೆ ಬೇರೆ ದಾಳ ಹಾಕ್ತಾನೆ, ಅವನ ಸರದಿ ಮುಗಿಯೋ ಹೊತ್ತಿಗೆ ಉಳಿದೋರು ಮೊಬೈಲ್ ನೋಡ್ತಿರ್ತಾರೆ. ಚಿಕ್ಕಮ್ಮನ ಮಗಳಿಗೆ ರಾಕ್ ಲೀ ಥರದ ಪಾತ್ರ ಬೇಕು, ಜುಟ್ಸು ಒಂದೂ ಇಲ್ಲ, ಬರೀ ಕೈಕಾಲು. ಪಾಪ, ಅವಳು ಮೂಲೇಲಿ ಕೂತಂಗಾಗಿದೆ.

ಚಕ್ರದ ಲೆಕ್ಕ ಸರಿ ಮಾಡ್ಲಾ? ಅಥವಾ ಸಿಸ್ಟಮ್ಮೇ ಬದಲಾಯಿಸಿಬಿಡ್ಲಾ? ಮಾಡಿ ನೋಡಿದೋರು ಹೇಳಿ.

ಚಾಂಪಿಯನ್_ರೀಫ್

ಮೇಡಂ, ಮೊದಲು ಆ ನೋಟ್‌ಬುಕ್ ಮುಚ್ಚಿಡಿ. ಇನ್ನೂ ಐವತ್ತು ಜುಟ್ಸು ಬರೆದ್ರೂ ಇದೇ ಕಥೆ.

27ರ ವಿಷಯ ಬೇಗ ಮುಗಿಸ್ತೀನಿ. ಅದು ಎಲ್ಲಿಂದ ಬಂತು ಅಂದ್ರೆ, 5ನೇ ಲೆವೆಲ್ ಮಾಂತ್ರಿಕನಿಗೆ 1ನೇ ಮಟ್ಟದ ಸ್ಲಾಟ್ (ದಿನಕ್ಕೆ ಎಷ್ಟು ಸಲ ಸ್ಪೆಲ್ ಬಿಡಬಹುದು ಅನ್ನೋ ಲೆಕ್ಕ) 4, 2ನೇದು 3, 3ನೇದು 2. ಒಂದೊಂದಕ್ಕೆ 2, 3, 5 ಪಾಯಿಂಟ್ ಬೆಲೆ. 8 ಪ್ಲಸ್ 9 ಪ್ಲಸ್ 10, ಒಟ್ಟು 27. ಸ್ಲಾಟ್ ಇದ್ದಾಗ ದೊಡ್ಡದು ದಿನಕ್ಕೆ ಎರಡೇ ಸಲ. ಪಾಯಿಂಟ್ ಮಾಡಿದ ಮೇಲೆ ಐದು ಸಲ ಬಿಡಬಹುದು, ಆಮೇಲೂ ಎರಡು ಮಿಕ್ಕುತ್ತೆ. ನಾಲ್ಕು ಜನಕ್ಕೆ ಇಪ್ಪತ್ತು ಬೆಂಕಿ ಉಂಡೆ. ಬೂದಿ ಆಗದೆ ಇನ್ನೇನಾಗುತ್ತೆ?

ಆದ್ರೆ ಅಸಲಿ ರೋಗ ಅದಲ್ಲ. ಆ ಕಥೆಯಲ್ಲಿ ನಿಮಗೆ ನೆನಪಿರೋ ಜಗಳ ಯಾವುದು? ನನಗೆ ಚೂನಿನ್ ಪರೀಕ್ಷೆಯ (ನಿಂಜಾಗಳ ಬಡ್ತಿ ಪರೀಕ್ಷೆ) ಶಿಕಾಮಾರು-ಟೆಮಾರಿ ಪಂದ್ಯ. ಶಿಕಾಮಾರು ನೆರಳಿನಿಂದ ಹಿಡಿಯೋನು, ಟೆಮಾರಿ ಗಾಳಿ ಜುಟ್ಸುವಿನೋಳು. ಅಲ್ಲಿ ಯಾರ ಹಿಟ್ ಪಾಯಿಂಟೂ ಇಳಿಯಲ್ಲ. ಟೆಮಾರಿ ಮಾಡೋ ಮೊದಲ ಕೆಲಸ ಏನು? ಅವನ ನೆರಳು ಎಲ್ಲೀವರೆಗೆ ಚಾಚುತ್ತೆ ಅಂತ ನೋಡ್ಕೊಂಡು ನೆಲದ ಮೇಲೆ ಗೆರೆ ಎಳೀತಾಳೆ. ಗೆರೆ ಆಚೆ ನಿಂತ್ರೆ ಬಚಾವ್. ಅವನು ಹೊತ್ತು ಇಳಿದು ಗೋಡೆ ನೆರಳು ಉದ್ದ ಆಗೋವರೆಗೆ ಕಾಯ್ತಾನೆ, ಬಟ್ಟೆ ಹಾರಿಸಿ ಮೇಲಿಂದ ನೆರಳು ಬೀಳಿಸ್ತಾನೆ, ಕೊನೆಗೆ ಹಿಂದಿನ ಪಂದ್ಯದಲ್ಲಿ ನರುಟೊ ತೋಡಿದ್ದ ಬಿಲದೊಳಗಿಂದ ನೆರಳು ತಂದು ಅವಳ ಬೆನ್ನ ಹಿಂದಿಂದ ಹಿಡೀತಾನೆ. ಹಿಡಿದ ಮೇಲೆ ಚಕ್ರ ಮುಗೀತಾ ಬಂತು ಅಂತ ಕೈ ಎತ್ತಿ ಸೋತೆ ಅಂತಾನೆ. ಆ ಪರೀಕ್ಷೆಯಲ್ಲಿ ಚೂನಿನ್ ಆಗಿ ಬಡ್ತಿ ಸಿಕ್ಕಿದ್ದು ಸೋತ ಇವನೊಬ್ಬನಿಗೇ.

ಈಗ ಇದೇ ಪಂದ್ಯ ನಿಮ್ಮ ಮಹಡಿ ಮೇಲೆ ಆಡಿಸಿ. ಸುತ್ತು ಒಂದು, ಗಾಳಿ ಜುಟ್ಸು, 28 ಡ್ಯಾಮೇಜ್. ಸುತ್ತು ಎರಡು, ಇನ್ನೊಂದು. ಮುಗೀತು. ಯೋಚನೆ ಮಾಡಿದೋನಿಗೆ ನಿಮ್ಮ ನಿಯಮ ಒಂದು ಕಾಸೂ ಕೊಡಲ್ಲ, ಹೀಗಾಗಿ ಯಾರೂ ಯೋಚನೆ ಮಾಡಲ್ಲ. ಡಿ ಅಂಡ್ ಡಿಯಲ್ಲಿ ಫೈರ್‌ಬಾಲ್ ಅಂದ್ರೆ ಏನು ಅಂತ ದಾರೀಲಿ ಹೋಗೋನಿಗೂ ಗೊತ್ತು. ಆ ಲೋಕದಲ್ಲಿ ಹಾಗಲ್ಲ, ಪ್ರತಿ ಜುಟ್ಸುವಿನ ಒಳಗೂ ಒಂದು ಗುಟ್ಟಿದೆ. ಗುಟ್ಟು ಉಳಿದಷ್ಟು ಹೊತ್ತು ನೀನು ಗೆಲ್ತಿದೀಯ, ಬಯಲಾದ್ರೆ ಸೋಲ್ತಿದೀಯ. ನಿಯಮ ಬರೀಬೇಕಾದ್ದು ಇದಕ್ಕೆ.

ನಾನು ಮಾಡೋದು ಹೀಗೆ. ಒಂದು ಜುಟ್ಸುಗೆ ಒಂದು ಚೀಟಿ, ಚೀಟಿಯಲ್ಲಿ ಮೂರೇ ಸಾಲು. ಮೊದಲ ಸಾಲು ಎದುರಾಳಿಗೆ ಕಣ್ಣಿಗೆ ಕಾಣೋದು. ಎರಡನೇದು ನಿಜವಾಗಿ ನಡೆಯೋದು. ಮೂರನೇದು ಅದು ಎಲ್ಲಿ ಕೈಕೊಡುತ್ತೆ ಅನ್ನೋದು. ಮೂರನೇ ಸಾಲು ಖಾಲಿ ಬಿಟ್ರೆ ಆ ಜುಟ್ಸು ಆಟಕ್ಕೆ ಇಲ್ಲ, ಹುಡುಗರು ಎಷ್ಟೇ ಗೋಗರೆದ್ರೂ ಇಲ್ಲ.

ಮೊದಲ ಸಾಲು ಮಾತ್ರ ಗೊತ್ತಿರೋ ಎದುರಾಳಿ ಡಿಸ್‌ಅಡ್ವಾಂಟೇಜಲ್ಲಿ ಸೇವಿಂಗ್ ಥ್ರೋ ಹಾಕಬೇಕು, ಅಂದ್ರೆ ತಪ್ಪಿಸ್ಕೊಳ್ಳೋ ದಾಳ ಎರಡು ಸಲ ಹಾಕಿ ಕಮ್ಮಿ ಬಿದ್ದಿದ್ದು ತಗೋಬೇಕು. 50 ಪರ್ಸೆಂಟ್ ಬಚಾವಾಗೋ ಜಾಗದಲ್ಲಿ 25ಕ್ಕೆ ಇಳಿಯುತ್ತೆ, ದೊಡ್ಡ ಪೆಟ್ಟೇ ಅದು. ಸೇವಿಂಗ್ ಥ್ರೋ ಇಲ್ಲದೆ ನೇರವಾಗಿ ಹೊಡೆಯೋ ಜುಟ್ಸು ಆದ್ರೆ ಹೊಡೆಯೋನಿಗೆ ಅಡ್ವಾಂಟೇಜ್, ಎರಡರಲ್ಲಿ ಜಾಸ್ತಿ ಬಿದ್ದಿದ್ದು. ತಪ್ಪಿಸ್ಕೋಬೇಕು ಅಂದ್ರೆ ಅವನು ಜುಟ್ಸುವನ್ನ ಓದಬೇಕು: ಇನ್ವೆಸ್ಟಿಗೇಶನ್ (ಪತ್ತೆ) ಇಲ್ಲಾ ಪರ್ಸೆಪ್ಶನ್ (ಗಮನ) ದಾಳ ಹಾಕಿ ಆ ಜುಟ್ಸುವಿನ ಡಿಸಿ (ದಾಳದಲ್ಲಿ ಮುಟ್ಟಬೇಕಾದ ಸಂಖ್ಯೆ) ದಾಟಬೇಕು. ಒಂದು ಸಲ ದಾಟಿದ್ರೆ ಎರಡನೇ ಸಾಲು ಓದಿ ಹೇಳ್ತೀರಿ, ಡಿಸ್‌ಅಡ್ವಾಂಟೇಜ್ ಹೋಯ್ತು. ಎರಡನೇ ಸಲ ದಾಟಿದ್ರೆ ಮೂರನೇ ಸಾಲೂ ಗೊತ್ತಾಯ್ತು, ಆಮೇಲೆ ಅವನು ಹೂಡೋ ಉಪಾಯ ಆ ಸಾಲಿಗೆ ಹೊಂದಿದ್ರೆ ದಾಳನೇ ಬೇಡ, ಕೆಲಸ ಆಯ್ತು ಅಂತ ಬಿಡಿ. 5ನೇ ಲೆವೆಲಲ್ಲಿ ಡಿಸಿ 8 ಪ್ಲಸ್ 3 ಪ್ಲಸ್ 3, ಅಂದ್ರೆ 14. ಪ್ಲಸ್ 5 ಇರೋನು 60 ಪರ್ಸೆಂಟ್ ದಾಟ್ತಾನೆ. ಪೂರ್ತಿ ಓದೋಕೆ ಸುಮಾರು ಮೂರು ನಾಲ್ಕು ಸುತ್ತು. ಜಗಳದ ಉದ್ದ ಅದೇ. ಎರಡು ಸುತ್ತಿಗೂ ಮುಗಿಯಲ್ಲ, ಹತ್ತು ಸುತ್ತಿಗೂ ಎಳೆಯಲ್ಲ.

ನಿಮ್ಮ ಹುಡುಗರ ಜುಟ್ಸುಗೂ ಇದೇ ನಿಯಮ. ಶತ್ರು ಒಬ್ಬ ಓಡಿಹೋದ್ರೆ ಅವನು ಓದಿದ ಸಾಲು ಅವನ ಹಳ್ಳಿಗೆಲ್ಲ ಗೊತ್ತಾಗುತ್ತೆ. ಮುಂದಿನ ಸಲ ಬರೋನು ಎರಡನೇ ಸಾಲಿನಿಂದಲೇ ಶುರು ಮಾಡ್ತಾನೆ. ಆಗ ನೋಡಿ, ಮೊದಲ ಸುತ್ತಲ್ಲೇ ದೊಡ್ಡ ಜುಟ್ಸು ಬಿಡೋ ಚಟ ತಾನಾಗೇ ಹೋಗುತ್ತೆ. ಸಾಕ್ಷಿ ಇರೋ ಕಡೆ ಬರೀ ಕುನಾಯಲ್ಲಿ ಜಗಳ ಮುಗಿಸೋಕೆ ನೋಡ್ತಾರೆ. ಸಿಕ್ಕಿಬಿದ್ದ ಹದಿಮೂರು ವರ್ಷದ ಗೆನಿನ್ (ಕೆಳದರ್ಜೆ ನಿಂಜಾ) ಹುಡುಗನನ್ನ ಬಿಟ್ಟುಬಿಡೋಣವಾ ಬೇಡವಾ ಅಂತ ಅವರವರೇ ಜಗಳ ಆಡ್ತಾರೆ. ನಮ್ಮ ಟೇಬಲ್‌ನಲ್ಲಿ ಅಂಥ ಒಂದು ವಾದ ನಡೆದು ರಾತ್ರಿ ಊಟ ತಣ್ಣಗಾಯ್ತು. ನನ್ನ ಪ್ರಕಾರ ಅದೇ ಆ ಕಥೆಯ ತಿರುಳು, ಬೆಂಕಿ ಉಂಡೆ ಅಲ್ಲ.

ಚಕ್ರ, ತದ್ರೂಪು, ಲೀ ಬಗ್ಗೆ ರಾತ್ರಿ ಬರೀತೀನಿ. ಈಗ ಅಂಗಡಿಯಲ್ಲಿ ಜನ ಇದ್ದಾರೆ.

ಕ್ಯಾತ್ಸಂದ್ರ_ಕವಡೆ

ತುಮಕೂರಿಂದ ನಮಸ್ಕಾರ ಅಕ್ಕ. ರೀಫ್ ಅಣ್ಣ ಹೇಳಿದ್ದು ಸರಿ, ಆದ್ರೆ ಡಿ ಅಂಡ್ ಡಿ ಬಿಚ್ಚಿ ಅಷ್ಟೆಲ್ಲ ಹೊಲಿಗೆ ಹಾಕೋ ಬದಲು ಫೇಟ್ ಕೋರ್ ಅನ್ನೋ ಬೇರೆ ಸಿಸ್ಟಮ್ ತಗೊಳ್ಳಿ. ಈ ಗುಟ್ಟಿನ ಆಟ ಅದರಲ್ಲಿ ಹುಟ್ಟಿನಿಂದಲೇ ಇದೆ. ಕ್ರಿಯೇಟ್ ಆ್ಯನ್ ಅಡ್ವಾಂಟೇಜ್ ಅಂತ ಒಂದು ಆ್ಯಕ್ಷನ್. ಅದರಲ್ಲಿ ಎದುರಾಳಿ ಬಚ್ಚಿಟ್ಟಿರೋ ಆಸ್ಪೆಕ್ಟ್ (ಒಂದು ಸಾಲಲ್ಲಿ ಬರೆದ ಗುಣ ಇಲ್ಲಾ ಸಂಗತಿ) ಪತ್ತೆ ಮಾಡಬಹುದು. ಗೆದ್ರೆ ಅದನ್ನ ಒಂದು ಸಲ ಪುಕ್ಕಟೆ ಬಳಸಬಹುದು, ಪ್ಲಸ್ 2 ಸಿಗುತ್ತೆ. ಭರ್ಜರಿಯಾಗಿ ಗೆದ್ರೆ ಎರಡು ಸಲ. "ನೆರಳು ಇಲ್ಲೀವರೆಗೇ ಚಾಚುತ್ತೆ" ಅನ್ನೋದು ಒಂದು ಆಸ್ಪೆಕ್ಟ್, "ಹೊತ್ತು ಮುಳುಗ್ತಾ ಇದೆ" ಅನ್ನೋದು ಇನ್ನೊಂದು. ಆ ಪಂದ್ಯ ಪೂರ್ತಿ ಆಡಿಸಬಹುದು, ಒಂದು ನಿಯಮವನ್ನೂ ಹೊಸದಾಗಿ ಬರೀಬೇಕಿಲ್ಲ. ಪುಸ್ತಕದ ನಿಯಮಗಳು ಆನ್‌ಲೈನಲ್ಲಿ ಪುಕ್ಕಟೆ ಇವೆ.

ದಾಳದ ಚಿಂತೆ ಬೇಡ. ಫೇಟ್ ದಾಳ ನಾಲ್ಕು, ಒಂದೊಂದರಲ್ಲಿ ಮೈನಸ್, ಖಾಲಿ, ಪ್ಲಸ್. ಮಾಮೂಲಿ ಆರು ಮುಖದ ದಾಳ ನಾಲ್ಕಿದ್ರೂ ಆಯ್ತು: 1-2 ಮೈನಸ್, 3-4 ಖಾಲಿ, 5-6 ಪ್ಲಸ್. ನಾವು ಅದನ್ನೂ ಬಿಟ್ಟು ಅಜ್ಜಿಯ ಚೌಕಾಬಾರದ ಕವಡೆ ತಗೊಂಡಿದೀವಿ. ನಾಲ್ಕು ಕವಡೆ ಹಾಕಿ, ಬಾಯಿ ಮೇಲಾದವನ್ನ ಎಣಿಸಿ, ಎರಡು ಕಳೀರಿ. ಮೈನಸ್ 2ರಿಂದ ಪ್ಲಸ್ 2. ಫೇಟ್ ದಾಳ ಮೈನಸ್ 4ರಿಂದ ಪ್ಲಸ್ 4ರವರೆಗೆ ಹೋಗುತ್ತೆ, ಕವಡೆಯದು ಚಿಕ್ಕ ಹರವು, ಹಾಗಾಗಿ ಅದೃಷ್ಟಕ್ಕಿಂತ ಆಸ್ಪೆಕ್ಟ್‌ಗೆ ತೂಕ ಜಾಸ್ತಿ. ನಿಂಜಾ ಆಟಕ್ಕೆ ಅದೇ ಒಳ್ಳೇದು. ನಾಲ್ಕೂ ಬೋರಲು ಬಿದ್ದು ಬಾರ ಆದ್ರೆ ಮೈನಸ್ 2, ಜೊತೆಗೆ ಕೈಗೆ ಒಂದು ಫೇಟ್ ಪಾಯಿಂಟ್ (ಆಸ್ಪೆಕ್ಟ್ ಬಳಸೋಕೆ ಖರ್ಚು ಮಾಡೋದು), ಇದು ನಮ್ಮ ಮನೆ ನಿಯಮ. ಕವಡೆ ಎರಡೂ ಕಡೆಗೆ ಸಮನಾಗಿ ಬೀಳಲ್ಲ, ಒಂದಷ್ಟು ಸಲ ಹಾಕಿ ನೋಡಿ ಆರಿಸ್ಕೊಳ್ಳಿ. ನಿಮ್ಮಮ್ಮನೂ ಕವಡೆಗೆ ಬೈಯಲ್ಲ ಅಂದ್ಕೋತೀನಿ, ಬೈದ್ರೂ ಮೊದಲು ಒಂದಾಟ ಆಡಿ ಆಮೇಲೆ ಬೈತಾರೆ.

ಗೌರಿಬಿದನೂರು_ಗೆನಿನ್

ನನ್ನದು ಸಣ್ಣ ಮಾತು. ಐದು ಧಾತುಗಳಲ್ಲಿ ಯಾವುದು ಯಾವುದನ್ನ ಗೆಲ್ಲುತ್ತೆ ಅನ್ನೋದು ಮರೀಬೇಡಿ: ಬೆಂಕಿ ಗಾಳಿಯನ್ನ ಗೆಲ್ಲುತ್ತೆ, ಗಾಳಿ ಮಿಂಚನ್ನ, ಮಿಂಚು ಮಣ್ಣನ್ನ, ಮಣ್ಣು ನೀರನ್ನ, ನೀರು ಬೆಂಕಿಯನ್ನ. ಇದಕ್ಕೆ ಡಿ ಅಂಡ್ ಡಿಯ ಎರಡು ಪಟ್ಟು ಡ್ಯಾಮೇಜ್ ನಿಯಮ ಹಾಕಬೇಡಿ, ಪಟ್ಟಿ ನೋಡಿ ನೋಡಿ ಆಟ ನಿಂತುಹೋಗುತ್ತೆ. ಒಂದೇ ಮಟ್ಟದ ಎರಡು ಜುಟ್ಸು ಎದುರುಬದುರಾದ್ರೆ ಮಾತ್ರ ಈ ಸಾಲು ನೋಡಿ. ಸೋಲೋ ಧಾತುವಿನೋನು ಒಂದು ಮಟ್ಟ ಮೇಲಿನ ಜುಟ್ಸು ಬಿಟ್ರೆ ಎರಡೂ ಸಮ, ಎರಡೂ ಆರಿಹೋಗ್ತವೆ.

ಇನ್ನೊಂದು, ಜಾಗಕ್ಕೆ ಬೆಲೆ ಕೊಡಿ. ನೀರಿನ ಜುಟ್ಸುಗೆ ಹತ್ತಿರದಲ್ಲಿ ನೀರಿದ್ರೆ ಅರ್ಧ ಚಕ್ರ, ಇಲ್ಲದಿದ್ರೆ ಎರಡು ಪಟ್ಟು. ಆ ಕಥೆಯಲ್ಲೂ ನೀರೇ ಇಲ್ಲದ ಕಡೆ ದೊಡ್ಡ ನೀರು ಜುಟ್ಸು ಮಾಡೋದು ಮಹಾ ಪ್ರತಾಪ ಅಂತ ಬೆರಗಾಗ್ತಾರೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯಲ್ಲಿ ನೀರಿನ ನಿಂಜಾ ಆಗಿ ಹುಟ್ಟಿದೋನ ಹಣೆಬರಹ ನೆನೆಸ್ಕೊಳ್ಳಿ, ಸಾವಿರ ಅಡಿ ಬೋರ್ ಕೊರೆಸಿ ಆಮೇಲೆ ಕೈಮುದ್ರೆ ಹಾಕ್ಬೇಕು. ಬೆಂಗಳೂರಿಂದ ಕೆ.ಸಿ. ವ್ಯಾಲಿ ನೀರು ಬಂದಿರೋ ಕೆರೆ ಪಕ್ಕ ಮಾತ್ರ ಅವನು ರಾಜ.

ಚಾಂಪಿಯನ್_ರೀಫ್

ಅಂಗಡಿ ಮುಚ್ಚಿ ಬಂದೆ.

ಕವಡೆಯವರೇ, ಫೇಟ್ ನನಗೂ ಇಷ್ಟ. ಆದ್ರೆ ಮೇಡಂ ಟೇಬಲ್‌ನಲ್ಲಿರೋದು ಡಿಪ್ಲೊಮಾ ಹುಡುಗರು. ಹತ್ತು ತದ್ರೂಪಿಗೆ ಹತ್ತು ದಾಳ ಹಾಕೋ ಹುಡುಗನ ಕೈಗೆ ಆಸ್ಪೆಕ್ಟ್ ಕೊಟ್ರೆ "ಇದೂ ಆಸ್ಪೆಕ್ಟ್, ಅದೂ ಆಸ್ಪೆಕ್ಟ್" ಅಂತ ಸಂಜೆವರೆಗೂ ವಾದ. ಅವರಿಗೆ ಎಣಿಸೋಕೆ ಏನಾದ್ರೂ ಬೇಕು. ಗೊತ್ತಿರೋ ಸಿಸ್ಟಮ್ ಇರ್ಲಿ, ಅದರಲ್ಲಿ ಬೇಡದ್ದು ತೆಗೆಯೋಣ.

ಚಕ್ರ. ಶಿಕಾಮಾರು ಆ ಗಳಿಗೆಯಲ್ಲಿ ನಿಂತು ಲೆಕ್ಕ ಹಾಕಿ ಸೋತೆ ಅಂದ ಅಂದ್ರೆ, ಚಕ್ರ ಬೆರಳಲ್ಲಿ ಎಣಿಸೋಷ್ಟು ಇರ್ಬೇಕು. 27 ಯಾರೂ ಬೆರಳಲ್ಲಿ ಎಣಿಸಲ್ಲ. ಲೆವೆಲ್ ಜೊತೆ ಏರೋ ಪ್ರೊಫಿಶಿಯೆನ್ಸಿ ಬೋನಸ್‌ಗೆ ಕಾನ್‌ಸ್ಟಿಟ್ಯೂಶನ್ ಮಾಡಿಫೈಯರ್ (ಮೈಕಸುವಿನ ಅಂಕ) ಕೂಡಿಸಿ, ಅಷ್ಟೇ. 5ನೇ ಲೆವೆಲಲ್ಲಿ 3 ಪ್ಲಸ್ 2, ಐದು. ಚಿಕ್ಕ ಜುಟ್ಸು 1, ನಡುವಿನದು 2, ದೊಡ್ಡದು 3. ಶಾರ್ಟ್ ರೆಸ್ಟ್ ಆದ್ರೆ ತುಂಬ್ಕೊಳ್ಳುತ್ತೆ. ಮೇಜಿನ ಮೇಲೆ ಹುಣಸೆಬೀಜ ಇಟ್ಟುಬಿಡಿ, ಯಾರ ಮುಂದೆ ಎಷ್ಟಿದೆ ಅಂತ ಎಲ್ಲರಿಗೂ ಕಾಣ್ಲಿ.

ಬೀಜ ಖಾಲಿ ಆದ್ಮೇಲೂ ಬೇಕು ಅಂದ್ರೆ ಹಿಟ್ ಡೈಸ್ (ವಿಶ್ರಾಂತಿಯಲ್ಲಿ ಜೀವ ತುಂಬ್ಕೊಳ್ಳೋ ದಾಳ) ಸುಡಲಿ, ಒಂದು ಹಿಟ್ ಡೈಗೆ ಒಂದು ಚಕ್ರ. ದೇಹದ ಶಕ್ತಿ, ಮನಸ್ಸಿನ ಶಕ್ತಿ ಎರಡೂ ಕಲೆತರೆ ಚಕ್ರ ಅಂತ ಆ ಕಥೆಯಲ್ಲೇ ಹೇಳ್ತಾರಲ್ಲ, ಹಾಗಾಗಿ ಮೈಯಿಂದ ಕಡಿತ ಆಗೋದು ನ್ಯಾಯ. ಹಿಟ್ ಡೈಸೂ ಮುಗಿದ್ರೆ ಒಂದೊಂದು ಚಕ್ರಕ್ಕೂ ಒಂದೊಂದು ಎಕ್ಸಾಸ್ಶನ್ (ಬಳಲಿಕೆ). 2014ರ ನಿಯಮದಲ್ಲಿ ಅದಕ್ಕೆ ಆರು ಹಂತ, ಆರನೇದು ಸಾವು.

ಈ ಆರು ಹಂತನೇ ನಿಮ್ಮ ಲೀಗೂ ದಾರಿ ತೋರಿಸುತ್ತೆ. ಕಥೆಯಲ್ಲಿ ಲೀ ಮೈಯ ಮಿತಿ ಮೀರೋಕೆ ತೆಗೆಯೋ ಒಳಬಾಗಿಲು ಎಂಟು. ಮೊದಲ ಎರಡು ಪುಕ್ಕಟೆ ಬಿಡಿ. ಮೂರನೇದರಿಂದ ಬಾಗಿಲಿಗೊಂದು ಎಕ್ಸಾಸ್ಶನ್, ಜಗಳ ಮುಗಿದ ತಕ್ಷಣ ಒಟ್ಟಿಗೇ ಬೀಳ್ಬೇಕು. ಎಂಟನೇ ಬಾಗಿಲು ತೆಗೆದ್ರೆ ಆರನೇ ಹಂತ, ಪ್ರಾಣ ಹೋಯ್ತು. ಕಥೆಯಲ್ಲೂ ಎಂಟನೇದಕ್ಕೆ ಬೆಲೆ ಪ್ರಾಣನೇ. ಮರಳಿನ ಕವಚದ ಗಾರಾ ಎದುರು ಲೀ ಐದು ತೆಗೀತಾನೆ, ನಮ್ಮ ಲೆಕ್ಕದಲ್ಲಿ ಮೂರು ಹಂತ: ಹೊಡೆತಕ್ಕೂ ಸೇವಿಂಗ್ ಥ್ರೋಗೂ ಡಿಸ್‌ಅಡ್ವಾಂಟೇಜ್, ಒಂದು ರಾತ್ರಿ ಮಲಗಿದ್ರೆ ಒಂದೇ ಹಂತ ಇಳಿಯೋದು. ಒಂದೊಂದು ಬಾಗಿಲಿಗೆ ಒಂದು ಹೆಚ್ಚುವರಿ ಏಟು, ಹತ್ತು ಅಡಿ ಜಾಸ್ತಿ ಓಟ. ಸಾಕು, ತುಂಬಾ ಅಲಂಕಾರ ಬೇಡ.

ಅವಳಿಗೆ ಜಗಳ ಇಲ್ಲದ ಹೊತ್ತಲ್ಲೂ ಕೆಲಸ ಬೇಕಲ್ಲ. ಅವಳಿಗೆ ಗುಟ್ಟಿಲ್ಲ, ಮುಷ್ಟಿ ಎಲ್ಲರಿಗೂ ಕಾಣುತ್ತೆ. ಹಾಗಾಗಿ ಅವಳು ಓದೋಳು ಆಗ್ಲಿ: ಅವಳ ಏಟು ತಾಗಿದ ಪ್ರತಿ ಸಲ, ಎದುರಾಳಿಯ ಜುಟ್ಸು ಓದೋಕೆ ಪುಕ್ಕಟೆ ಒಂದು ಅವಕಾಶ. ಮೈಮೇಲೆ ಬಿದ್ದು ಹೊಡೆಯೋಳಿಗೇ ಅಲ್ವಾ ಮರಳಿನ ಕವಚ ಎಲ್ಲಿ ತೆಳ್ಳಗಿದೆ ಅಂತ ಗೊತ್ತಾಗೋದು. ಇದು ಮಾಡಿದ ಮೇಲೆ ಉಳಿದೋರು ಅವಳನ್ನ ಮುಂದೆ ಬಿಟ್ಟು "ಏನ್ ಕಂಡ್ತು, ಏನ್ ಕಂಡ್ತು" ಅಂತ ಹಿಂದಿಂದ ಕೇಳ್ತಾರೆ.

ತದ್ರೂಪು. ಅದಕ್ಕೆ ಸರದಿನೇ ಕೊಡಬೇಡಿ, ದಾಳನೂ ಕೊಡಬೇಡಿ. ಆ ವಿದ್ಯೆಯಲ್ಲಿ ಚಕ್ರ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತೆ ಅನ್ನೋದೇ ಅದರ ಬೆಲೆ. ಒಂದು ತದ್ರೂಪಿಗೆ ಒಂದು ಹುಣಸೆಬೀಜ, ಎತ್ತಿ ಪಕ್ಕಕ್ಕಿಡ್ಲಿ. ಒಂದು ಸುತ್ತಿಗೆ ಆ ಬೀಜ ಒಂದೇ ಕೆಲಸ ಮಾಡುತ್ತೆ. ಯಾರಿಗಾದ್ರೂ ಒಂದು ಏಟಿಗೆ ಅಡ್ವಾಂಟೇಜ್ ಕೊಡಬಹುದು, ಇಲ್ಲಾ ಯಜಮಾನನಿಗೆ ಬೀಳೋ ಏಟು ತಾನು ತಿನ್ನಬಹುದು, ಇಲ್ಲಾ ದೂರ ಹೋಗಿ ನೋಡ್ಕೊಂಡು ಬರಬಹುದು, ಕರಗಿದಾಗ ಕಂಡಿದ್ದೆಲ್ಲ ಯಜಮಾನನ ತಲೆಗೆ ಬರುತ್ತೆ. ಏಟು ತಿಂದ್ರೆ ಬೀಜ ಹೋಯ್ತು, ತಾನೇ ಕರಗಿಸಿದ್ರೆ ವಾಪಸ್. ಐದು ಬೀಜದಲ್ಲಿ ನಾಲ್ಕು ತದ್ರೂಪು ಮಾಡಿದ್ರೆ ಕೈಲಿ ಉಳಿಯೋದು ಒಂದೇ. ನಿಮ್ಮ ತಮ್ಮನ ಹತ್ತರ ಚಟ ಅವತ್ತೇ ಬಿಡುತ್ತೆ. ಹತ್ತು ಮಾಡ್ಲೇಬೇಕು ಅಂದ್ರೆ ಹಿಟ್ ಡೈಸ್ ಸುಟ್ಟು ಮಾಡ್ಲಿ, ನರುಟೊನೂ ಹಾಗೇ ತಾನೆ, ಅವನ ಹೊಟ್ಟೇಲಿ ಚಕ್ರ ತುಂಬಿದ ನರಿ ಇತ್ತು.

ಹಿಟ್ ಪಾಯಿಂಟ್ ಬಗ್ಗೆ ಒಂದೇ ಮಾತು: ಹೆಸರಿಲ್ಲದ ಶತ್ರುವಿಗೆ ಒಂದೇ ಏಟು. ಹೆಸರಿರೋನಿಗೆ ಮಾತ್ರ 44. ಅವನ ಮೂರನೇ ಸಾಲು ಬಯಲಾದ ಮೇಲೆ, ಆ ಸಾಲಿಗೆ ಸರಿಯಾಗಿ ಹೊಂದಿಸಿ ಹೊಡೆದ ಏಟು ಕ್ರಿಟಿಕಲ್ (ಡ್ಯಾಮೇಜ್ ದಾಳ ಎರಡು ಪಟ್ಟು).

ಕುರುಡುಮಲೆ_ಕುನಾಯ್

ಅಣ್ಣಾ, ಥ್ಯಾಂಕ್ಸ್. ಮೇಡಂ ಗೀಡಂ ಬೇಡ, ತಂಗಿ ಅನ್ನಿ.

ಹುಣಸೆಬೀಜ ಇಟ್ಟು ತಮ್ಮನ ಜೊತೆ ಒಂದು ಜಗಳ ಆಡಿ ನೋಡ್ದೆ, ಆಮೇಲೆ ನಾಲ್ಕೂ ಜನರ ಜೊತೆ. ತದ್ರೂಪಿನ ನಿಯಮ ಸಖತ್. ತಮ್ಮ ಎರಡು ಮಾಡಿ ಒಂದನ್ನ ಮರ ಹತ್ತಿಸಿ ಬೇಹು ನೋಡೋಕೆ ಬಿಟ್ಟ, ಇಷ್ಟು ದಿನದಲ್ಲಿ ಅವನು ಮೊದಲ ಸಲ ಜಗಳಕ್ಕಿಂತ ಮುಂಚೆ ಯೋಚನೆ ಮಾಡಿದ್ದು. ಬಾಗಿಲಿನ ನಿಯಮ ಕೇಳಿ ಚಿಕ್ಕಮ್ಮನ ಮಗಳ ಮುಖ ನೋಡ್ಬೇಕಿತ್ತು. ನಾಲ್ಕನೇ ಬಾಗಿಲವರೆಗೆ ಹೋಗಿ ಬಂದ್ಲು.

ಆದ್ರೆ ಹೊಸ ತೊಂದರೆ ಒಂದು ಹುಟ್ಕೊಂಡಿದೆ. ಓದೋದ್ರಿಂದ ಲಾಭ ಅಂತ ಗೊತ್ತಾದ ಮೇಲೆ ಉಳಿದ ಮೂರು ಜನ ಬಂಡೆ ಹಿಂದೆ ಕೂತು ಸುಮ್ನೆ ಓದ್ತಾರೆ. ಹೊಡೆಯೋನೇ ಇಲ್ಲ. ಮೂರು ಜನ ಓದಿದ್ರೆ ಒಂದೂವರೆ ಸುತ್ತಲ್ಲಿ ಗುಟ್ಟು ಬಯಲು. ನನ್ನ ಶತ್ರು ಪಾಪ ಬಾಯಿ ತೆರೆಯೋ ಮುಂಚೆ ಸತ್ತ.

ಕವಡೆ ತಮ್ಮಾ, ನಿಮ್ಮ ಫೇಟ್ ಐಡಿಯಾನೂ ಬಿಟ್ಟಿಲ್ಲ. ಅಮ್ಮನ ಜೊತೆ ಒಂದು ಸಲ ಆಡಿಸೋ ಆಸೆ ಇದೆ.

ಚಾಂಪಿಯನ್_ರೀಫ್

ಸರಿ ತಂಗಿ. ಅದಕ್ಕೆ ಮದ್ದು ಸುಲಭ: ದೂರದಿಂದ ಓದೋಕಾಗಲ್ಲ. ಆ ಸುತ್ತಲ್ಲಿ ಯಾರ ಮೇಲೆ ಜುಟ್ಸು ಬಿತ್ತೋ, ಇಲ್ಲಾ ಯಾರು ಎದುರಾಳಿಗೆ ಏಟು ಕೊಟ್ರೋ, ಅವರು ಮಾತ್ರ ಓದಬಹುದು, ಅದೂ ಬೋನಸ್ ಆ್ಯಕ್ಷನಲ್ಲಿ (ಸರದಿಯಲ್ಲಿ ಮಾಡೋ ಸಣ್ಣ ಹೆಚ್ಚುವರಿ ಕೆಲಸ). ಬಂಡೆ ಹಿಂದೆ ಕೂತೋನಿಗೆ ಬಂಡೆ ಮಾತ್ರ ಕಾಣುತ್ತೆ. ಗುಂಪಿಗೆ ಸೇರಿ ಸುತ್ತಿಗೆ ಒಂದೇ ಸಾಲು ಬಯಲಾಗಬೇಕು ಅಂತಲೂ ಇಟ್ಟುಬಿಡಿ. ಲೀಗೆ ಸಿಗೋ ಪುಕ್ಕಟೆ ಅವಕಾಶ ಹಾಗೇ ಇರ್ಲಿ, ಅವಳು ಕಷ್ಟಪಟ್ಟು ಸಂಪಾದಿಸಿದ್ದು ಅದು.

ಈ ನಿಯಮ ಬಂದ ಮೇಲೆ ಆಟ ಬೇರೆ ಥರ ತಿರುಗುತ್ತೆ. ಜುಟ್ಸು ಏನು ಅಂತ ತಿಳೀಬೇಕು ಅಂದ್ರೆ ಯಾರೋ ಒಬ್ಬರು ಅದನ್ನ ಮೈಮೇಲೆ ಹಾಕ್ಕೋಬೇಕು. ಯಾರು ಅಂತ ಮೂರು ಜನರ ತಂಡ ಮಾತಾಡ್ಕೋಬೇಕು. ಅಂದಹಾಗೆ ತಂಡ ಮೂರು ಜನರದ್ದೇ ಇರ್ಲಿ, ಮೇಲೊಬ್ಬ ಜೋನಿನ್ (ಹಿರಿಯ ನಿಂಜಾ). ನಿಮ್ಮಲ್ಲಿ ನಾಲ್ಕು ಜನ ಅಲ್ವಾ, ವಾರಕ್ಕೊಬ್ಬರು ಸರದಿ ಮೇಲೆ ಜೋನಿನ್ ಪಾತ್ರ ಆಡ್ಲಿ. ಜೋನಿನ್‌ಗೆ ಒಂದೇ ಷರತ್ತು: ಜಗಳಕ್ಕೆ ಇಳಿಯೋದು ಮೂರನೇ ಸುತ್ತಿನ ನಂತರ.

ಗೌರಿಬಿದನೂರು_ಗೆನಿನ್

ಇದೆಲ್ಲ ಬರೆದಿಟ್ಟು ಪಿಡಿಎಫ್ ಮಾಡಿ ಹಾಕಿ ಅಕ್ಕ, ನಮಗೂ ಬೇಕು. 5ನೇ ಆವೃತ್ತಿಯ ಮೂಲ ನಿಯಮ, ಅಂದ್ರೆ ಎಸ್‌ಆರ್‌ಡಿ 5.1, 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿದೆ, ಹೆಸರು ಹೇಳಿ ಬಳಸಬಹುದು. ಸ್ಪೆಲ್ ಪಾಯಿಂಟ್ ಪಟ್ಟಿ ಮಾತ್ರ ಅದರಲ್ಲಿಲ್ಲ, ಹೇಗೂ ನೀವು ಅದನ್ನ ಬಿಟ್ರಲ್ಲ. ಪಾತ್ರಗಳ ಹೆಸರು, ಹಳ್ಳಿಗಳ ಹೆಸರು ಹಾಕಬೇಡಿ, ಅವು ಬೇರೆಯವರ ಸೊತ್ತು. ಮನೇಲಿ ಆಡೋಕೆ ಏನಾದ್ರೂ ಇಟ್ಕೊಳ್ಳಿ, ಹಂಚೋದಕ್ಕೆ ಸ್ವಂತ ಹಳ್ಳಿ ಕಟ್ಟಿ.

ಕುರುಡುಮಲೆ_ಕುನಾಯ್

ಸ್ವಂತ ಹಳ್ಳಿ ಅಂದ ತಕ್ಷಣ ಎರಡು ಹೊಳೀತು. ಒಂದು ಕೋಲಾರದ ಅಂತರಗಂಗೆ ಬೆಟ್ಟದ ಗುಹೆಗಳಲ್ಲಿ. ಆ ಬಂಡೆ ಸಂದಿಗಳಲ್ಲಿ ತೆವಳಿ ಹೋದೋರಿಗೆ ಗೊತ್ತು, ನಕ್ಷೆ ಬರೆಯೋದೇ ಬೇಡ. ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬೀಳುತ್ತಲ್ಲ, ನೀರಿನ ನಿಂಜಾಗಳೆಲ್ಲ ಅದನ್ನ ಕಾಯ್ತಿರ್ತಾರೆ. ಇನ್ನೊಂದು ಹಳ್ಳಿ ಕೆಜಿಎಫ್ ಗಣಿ ಒಳಗೆ. ರೀಫ್ ಅಣ್ಣಾ, ಅದು ನಿಮ್ಮ ಊರು, ಒಂದು ಶತ್ರು ಬರೆದುಕೊಡಿ.

ಚಾಂಪಿಯನ್_ರೀಫ್

ಅಪ್ಪ ಗಣೀಲಿ ಇದ್ದೋರು, ಆ ಊಟದಲ್ಲೇ ಬೆಳೆದೋನು ನಾನು. ಬರೀತೀನಿ.

ಮೊದಲು ಜಾಗ. 2001ರಲ್ಲಿ ಮುಚ್ಚೋ ಹೊತ್ತಿಗೆ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳ ಹೋಗಿತ್ತು. ತಳದಲ್ಲಿ ಬಂಡೆಯೇ 60 ಡಿಗ್ರಿ ದಾಟಿ ಕಾಯ್ದಿರ್ತಿತ್ತು, ಮೇಲಿಂದ ತಣ್ಣನೆ ಗಾಳಿ ಕಳಿಸದೆ ಮನುಷ್ಯ ನಿಲ್ಲೋಕಾಗ್ತಿರ್ಲಿಲ್ಲ. ಆಟದಲ್ಲಿ ಆ ಗಾಳಿ ನಿಂತುಹೋಗಿದೆ ಅಂದ್ಕೊಳ್ಳಿ: ಒಂದು ಗಂಟೆಗೊಮ್ಮೆ ಕಾನ್‌ಸ್ಟಿಟ್ಯೂಶನ್ ಸೇವಿಂಗ್ ಥ್ರೋ, ಸೋತ್ರೆ ಒಂದು ಎಕ್ಸಾಸ್ಶನ್. ಬಾಗಿಲು ತೆಗೆಯೋ ಹುಡುಗಿ ಅಲ್ಲಿ ಲೆಕ್ಕ ಹಾಕಿ ತೆಗೀಬೇಕು. ಬೆಂಕಿ ಜುಟ್ಸು ಬಿಟ್ರೆ ಸುರಂಗದಲ್ಲಿ ಉಸಿರಾಡೋ ಗಾಳಿನೂ ಸುಡುತ್ತೆ, ನಿಮ್ಮ ಬೂದಿ ಹುಡುಗರಿಗೆ ಇದನ್ನ ಮೊದಲೇ ಹೇಳಬೇಡಿ.

ಶತ್ರುವಿನ ಹೆಸರು ನೀವೇ ಇಡಿ. ವಯಸ್ಸಾದೋನು, ಒಂದು ಕಿವಿ ಕೇಳಲ್ಲ, ತಲೆಗೆ ದೀಪದ ಟೋಪಿ. ಚಕ್ರ ಐದೇ.

ಮೊದಲ ಸಾಲು: ಅವನು ಎಡಗಡೆ ಗೋಡೆಗೆ ಅಂಗೈ ಒತ್ತುತ್ತಾನೆ. ಒಂದು ಉಸಿರು ಕಳೆದ ಮೇಲೆ ಬಲಗಡೆ ಗೋಡೆ ಸಿಡಿದು ಬಂಡೆ ಚೂರುಗಳು ಗುಂಡಿನ ಥರ ಬರ್ತವೆ. ಕೈಮುದ್ರೆ ಇಲ್ಲ.

ಎರಡನೇ ಸಾಲು: ಅವನು ಬಂಡೆಯನ್ನ ಒಡೀತಿಲ್ಲ. ಅಷ್ಟು ಆಳದಲ್ಲಿ ಬಂಡೆ ಮೇಲೆ ಬೆಟ್ಟದಷ್ಟು ಭಾರ ಕೂತಿರುತ್ತೆ, ಸುರಂಗ ಕೊರೆದ ಕಡೆ ಆ ಒತ್ತಡಕ್ಕೆ ಹೊರಬರೋಕೆ ದಾರಿ ಸಿಗುತ್ತೆ. ಗಣಿಯೋರು ರಾಕ್ ಬರ್ಸ್ಟ್ ಅಂತ ಹೆದರ್ತಿದ್ದಿದ್ದು ಅದಕ್ಕೇ. ಅವನು ಬರೀ ಆ ದಾರಿ ತೆರೀತಾನೆ, ಹಾಗಾಗಿ ಇಷ್ಟು ದೊಡ್ಡ ಹೊಡೆತಕ್ಕೂ ಒಂದೇ ಚಕ್ರ ಸಾಕು.

ಮೂರನೇ ಸಾಲು

ಕುರುಡುಮಲೆ_ಕುನಾಯ್

ಅಣ್ಣಾ ನಿಲ್ಸಿ ನಿಲ್ಸಿ! ನನ್ನ ತಮ್ಮ ಈ ಥ್ರೆಡ್ ಓದ್ತಾನೆ. ನಿನ್ನೆ ಊಟಕ್ಕೆ ಕೂತಾಗ "ಜೋನಿನ್ ಮೂರನೇ ಸುತ್ತಾದ್ಮೇಲೆ ಬರೋದಂತೆ" ಅಂತ ಅವನೇ ನನಗೆ ಹೇಳ್ದ. ಮೂರನೇ ಸಾಲು ಮೆಸೇಜಲ್ಲಿ ಕಳಿಸಿ. ಎರಡನೇ ಸಾಲು ಹೆಂಗೂ ಹೋಯ್ತು, ಅದನ್ನ ನಾನು ಬದಲಾಯಿಸ್ತೀನಿ.

ಚಾಂಪಿಯನ್_ರೀಫ್

ಕಳಿಸಿದೀನಿ. ತಮ್ಮಾ, ಓದ್ತಿದ್ರೆ ಕೇಳು: ಡಿಸಿ 16.